ದುಡ್ಡು ಎಲ್ಲಿಗೆ ಹೋಯ್ತು?

"ನಿಮ್ಮ ಹತ್ರ ಬರೋ ಮೊದಲು ಎಲ್ಲಾ ಮಾಡಿ ನೋಡಿದ್ವಿ ಮೇಡಂ." ಮಗು ದುಡ್ಡು ಕದಿಯುತ್ತದೆ ಎಂದು ನನ್ನ ಹತ್ತಿರ ಸಲಹೆಗೆ ಬರುವ ಅಪ್ಪ ಅಮ್ಮಂದಿರ ಮೊದಲ ಮಾತು ಸಾಮಾನ್ಯವಾಗಿ ಇದೇ. ಎಲ್ಲಾ ಅಂದರೆ ಹೊಡೆತ, ದೇವರ ಮುಂದೆ ಆಣೆ, ಬರೆ ಹಾಕುತ್ತೇವೆ ಎಂಬ ಬೆದರಿಕೆ.

ಈ ಹುಡುಗ ಐದನೇ ಕ್ಲಾಸು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅಪ್ಪನಿಗೆ ವರ್ಗವಾಗಿ ಹಳ್ಳಿಯಿಂದ ಪೇಟೆಗೆ ಬಂದಿದ್ದರು. ಅಮ್ಮನ ಪರ್ಸಿನಿಂದ, ಅಜ್ಜಿಯ ಎಲೆಅಡಿಕೆ ಚೀಲದಿಂದ ಒಟ್ಟು 600 ರೂಪಾಯಿ ಹೋಗಿತ್ತು.

ಎರಡು ಭೇಟಿಯಲ್ಲಿ ನಾನೂ "ಯಾಕೆ ತಗೊಂಡೆ?" ಎಂದೇ ಕೇಳಿದೆ. ಅವನು ನೆಲ ನೋಡುತ್ತಾ ಕೂತ. ಅದು ನನ್ನ ತಪ್ಪು. ಆ ಪ್ರಶ್ನೆಯನ್ನು ಮನೆಯಲ್ಲಿ ಎಲ್ಲರೂ ಕೇಳಿಯಾಗಿತ್ತು, ಪ್ರತಿಸಲ ಅದರ ಹಿಂದೆಯೇ ಏಟು ಬಿದ್ದಿತ್ತು. ಮೂರನೇ ಸಲ ಬೇರೆ ಕೇಳಿದೆ: "ದುಡ್ಡಲ್ಲಿ ಏನು ತಗೊಂಡೆ?"

"ಟೆನಿಸ್ ಬಾಲ್."

"ಅಷ್ಟೂ ದುಡ್ಡಿಗೆ?"

"ಕಳೆದು ಹೋಗ್ತಾ ಇರುತ್ತೆ ಮಿಸ್. ಬಾಲ್ ನಂದಾದ್ರೆ ಮೊದಲ ಬ್ಯಾಟಿಂಗ್ ನಂಗೆ. ಇಲ್ದಿದ್ರೆ ಚರಂಡಿಗೆ ಬಿದ್ದಿದ್ದು ಎತ್ತಿಕೊಡೋಕೆ ಮಾತ್ರ ಕರೀತಾರೆ."

ಹೊರಗೆ ಕೂತಿದ್ದ ಅಪ್ಪನನ್ನು ಒಳಗೆ ಕರೆದು, ಹುಡುಗನ ಒಪ್ಪಿಗೆ ಕೇಳಿ, ಅದನ್ನೇ ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಂತ ಕದ್ದಿದ್ದಕ್ಕೆ ಶಿಕ್ಷೆನೇ ಬೇಡ್ವಾ?" ಎಂದರು.

ಬೇಕು. ಮಕ್ಕಳನ್ನು ಮುದ್ದು ಮಾಡಿ ಕೆಡಿಸುತ್ತೇನೆ ಎಂಬ ದೂರು ನನ್ನ ಮೇಲಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಏಟು ತಿಂದ ಮಗುವಿಗೆ ಲೆಕ್ಕ ಅಲ್ಲಿಗೇ ಚುಕ್ತಾ. ನಾನು ಹೇಳಿದ್ದು ಅದಕ್ಕಿಂತ ಉದ್ದದ ಶಿಕ್ಷೆ: ವಾರಕ್ಕೆ 20 ರೂಪಾಯಿ ಕೈಖರ್ಚು ಕೊಡಿ, ಅದರಲ್ಲಿ 10 ರೂಪಾಯಿಯನ್ನು ಅವನೇ ಅಮ್ಮನಿಗೋ ಅಜ್ಜಿಗೋ ವಾಪಸ್ ಕೊಡಲಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಅಜ್ಜಿ ಹೇಳುತ್ತಾರಂತೆ. ನಿಜ, ಆದರೆ ಎಳೆ ಗಿಡವನ್ನು ಜೋರಾಗಿ ಬಗ್ಗಿಸಿದರೆ ಮುರಿಯುತ್ತದೆ ಅಲ್ವಾ?

ಇನ್ನೊಂದು ಮಾತು. ಯಾರು ತೆಗೆದದ್ದು ಎಂದು ಗೊತ್ತಿದ್ದೂ "ಯಾರು ತೆಗೆದಿದ್ದು?" ಎಂದು ಕೇಳಬೇಡಿ. ಅಲ್ಲಿ ನಾವೇ ಸುಳ್ಳಿಗೆ ದಾರಿ ಮಾಡಿಕೊಡುತ್ತೇವೆ. "ನೀನು ತಗೊಂಡಿದ್ದು ಗೊತ್ತು, ಹೇಗೆ ತೀರಿಸ್ತೀಯ?" ಅನ್ನಿ. ಪರ್ಸು ಕೈಗೆ ಸಿಗುವ ಹಾಗೆ ಇಡಬೇಡಿ. ಭಾನುವಾರ ಒಬ್ಬಿಬ್ಬರು ಹುಡುಗರನ್ನು ಮನೆಗೆ ಕರೆಯಿರಿ. ಇವನಿಗೆ ಬೇಕಾದದ್ದು ಇಡೀ ತಂಡವಲ್ಲ, ಒಬ್ಬ ಗೆಳೆಯ.

ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ಇವನ ಬ್ಯಾಗ್ ಮಾತ್ರ ಹುಡುಕುತ್ತಿದ್ದರು. ಅದು ನಿಲ್ಲಲೇಬೇಕು ಎಂದು ಪತ್ರ ಬರೆದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತದ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ಎಲ್ಲ ಕಳ್ಳತನವೂ ಚೆಂಡಿನ ಕಥೆಯಲ್ಲ. ದೊಡ್ಡ ಹುಡುಗರು ಹೆದರಿಸಿ ತರಿಸುತ್ತಿರಬಹುದು. ಪ್ರಾಣಿಗಳನ್ನು ಹಿಂಸಿಸುವುದು, ಬೆಂಕಿ ಹಚ್ಚುವುದು, ರಾತ್ರಿ ಮನೆ ಬಿಟ್ಟು ಹೋಗುವುದೂ ಜೊತೆಗಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಿ. ಯಾರ ಹತ್ತಿರ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಅದು ಉಚಿತ.

ನಾಲ್ಕು ತಿಂಗಳಲ್ಲಿ ಅವನು ಒಂದೇ ಸಲ, 20 ರೂಪಾಯಿ ತೆಗೆದ. ಸಂಜೆ ತಾನೇ ಬಂದು ಅಮ್ಮನಿಗೆ ಹೇಳಿದ. ಅಜ್ಜಿ ಮಾತ್ರ ಈಗಲೂ ಅವನು ಬಂದರೆ ಎಲೆಅಡಿಕೆ ಚೀಲವನ್ನು ಮಡಿಲಿಗೆ ಎಳೆದುಕೊಳ್ಳುತ್ತಾರಂತೆ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.