ವಿವಾದಿತ ಮಾಡೆಲ್ ಪ್ರೊತಿಮಾ ಬೇಡಿ ಒಡಿಸ್ಸಿ ನರ್ತಕಿಯಾದದ್ದು ಹೇಗೆ?

1975ರಲ್ಲಿ ಮುಂಬಯಿಯಲ್ಲಿ ಆಕಸ್ಮಿಕವಾಗಿ ನೋಡಿದ ಒಂದು ಒಡಿಸ್ಸಿ ಪ್ರದರ್ಶನವೇ ಅವರ ಬದುಕಿನ ದಿಕ್ಕನ್ನು ಬದಲಿಸಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಸಿನೆಬ್ಲಿಟ್ಜ್ ಪತ್ರಿಕೆಗಾಗಿ ಬೆತ್ತಲೆ ಓಡಿದ ಚಿತ್ರಗಳಿಂದ ದೇಶದಾದ್ಯಂತ ವಿವಾದಕ್ಕೀಡಾಗಿದ್ದ ಅವರು, ಇಪ್ಪತ್ತಾರು ದಾಟಿದ ವಯಸ್ಸಿನಲ್ಲಿ ಕಟಕ್‌ಗೆ ಹೋಗಿ ಗುರು ಕೇಳುಚರಣ ಮಹಾಪಾತ್ರರಲ್ಲಿ ಮೊದಲ ಹೆಜ್ಜೆಯಿಂದಲೇ ಅಭ್ಯಾಸ ಆರಂಭಿಸಿದರು. ಮಾಡೆಲಿಂಗ್‌ನಲ್ಲಿ ರೂಪವೇ ಬಂಡವಾಳ. ಒಡಿಸ್ಸಿಯ ಚೌಕ (ಮಂಡಿ ಬಾಗಿಸಿ ಚೌಕಾಕಾರವಾಗಿ ನಿಲ್ಲುವುದು), ತ್ರಿಭಂಗಿ (ಮೈಯನ್ನು ಮೂರು ಕಡೆ ಬಾಗಿಸಿ ನಿಲ್ಲುವುದು) ನಿಲುವುಗಳಾದರೋ ಗುರುವಿನ ಕಣ್ಣೆದುರು ದಿನವೂ ಮೈ ಪಳಗಿಸಿದರಷ್ಟೇ ದಕ್ಕುತ್ತವೆ. ಈ ಅರಿವಿನಿಂದಲೇ ಅವರು 1990ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ, ಶಿಷ್ಯರು ಗುರುವಿನೊಡನೆ ನೆಲೆಸಿ ಕಲಿಯುವ ನೃತ್ಯಗ್ರಾಮವನ್ನು ಕಟ್ಟಿದರು. ಅಲ್ಲಿ ಗುರು ಕೇಳುಚರಣರಿಗೆ ಅರ್ಪಿಸಿದ, ನೃತ್ಯಭಂಗಿಗಳ ಉಬ್ಬುಚಿತ್ರಗಳಿರುವ ಮಣ್ಣಿನ ಗುಡಿಯನ್ನು ಇಂದಿಗೂ ಕಾಣಬಹುದು. 1998ರ ಆಗಸ್ಟ್‌ನಲ್ಲಿ ಮಾನಸಸರೋವರ ಯಾತ್ರೆಯ ದಾರಿಯಲ್ಲಿ, ಈಗಿನ ಉತ್ತರಾಖಂಡದ ಮಾಲ್ಪಾದಲ್ಲಿ ಸಂಭವಿಸಿದ ಭೂಕುಸಿತದಲ್ಲಿ ಅವರು ತೀರಿಕೊಂಡರು. ಅವರನ್ನು ಆ ಒಂದು ಓಟಕ್ಕಷ್ಟೇ ನೆನೆಯುವುದು ಅನ್ಯಾಯವೆಂದೇ ನನ್ನ ಭಾವನೆ.