ಜೋಳದ ಪ್ರೋಟೀನು ಲಸಿಕೆಯನ್ನು ಹೊರಬಲ್ಲದೇ?

ಪ್ರಶ್ನೆ: ಕುಶಾಲನಗರದ ಕಡೆ ನಾವು ಮುಸುಕಿನ ಜೋಳ ಬೆಳೆಯುತ್ತೇವೆ, ಹಂದಿಗಳನ್ನೂ ಸಾಕಿದ್ದೇವೆ. ಜೋಳದ ಪ್ರೋಟೀನಿನಿಂದ ಲಸಿಕೆ ಮಾಡುತ್ತಾರಂತೆ. ಹಾಗಾದರೆ ಜೋಳ ತಿನ್ನಿಸಿದರೆ ಹಂದಿಜ್ವರ ತಡೆಯಬಹುದೇ?

ಉತ್ತರ: ಇಲ್ಲ. ತಿಂದ ಜೋಳ ಬರೀ ಆಹಾರ. ಸಂಶೋಧಕರು ಹೇಳುತ್ತಿರುವುದು ಲಸಿಕೆಯನ್ನು ಹೊರುವ ವಾಹಕದ ಮಾತು.

ಮುಸುಕಿನ ಜೋಳದ ಕಾಳಿನಲ್ಲಿ ಝೀನ್ ಎಂಬ ಪ್ರೋಟೀನು ಇದೆ. ಅದು ಬರೀ ನೀರಿನಲ್ಲಿ ಕರಗದು. ನೀರು ಬೆರೆತ ಆಲ್ಕೋಹಾಲಿನಲ್ಲಿ ಕರಗುತ್ತದೆ. ಆ ತಿಳಿ ಹಳದಿ ದ್ರಾವಣವನ್ನು ಕಲಕುತ್ತಿರುವ ನೀರಿಗೆ ಸುರಿದರೆ ಕ್ಷಣದಲ್ಲೇ ಬೆಳ್ಳಗೆ ಕದಡುತ್ತದೆ. ಆಲ್ಕೋಹಾಲು ನೀರಿನಲ್ಲಿ ಹರಡಿಹೋಗಿ, ನೀರನ್ನೊಲ್ಲದ ಝೀನ್ ಮುದುಡಿಕೊಂಡು ನ್ಯಾನೋಮೀಟರ್ ಲೆಕ್ಕದ ಉಂಡೆಗಳಾಗಿರುತ್ತದೆ. ರೋಗಾಣುವಿನ ಪ್ರೋಟೀನನ್ನು, ಅಂದರೆ ಪ್ರತಿಜನಕವನ್ನು, ಇವುಗಳ ಒಳಗೆ ಸೇರಿಸಬಹುದು ಅಥವಾ ಮೈಗೆ ಅಂಟಿಸಬಹುದು. ನನಗೆ ಎರಡನೆಯದೇ ಜಾಣತನವೆನಿಸುತ್ತದೆ. ಒಳಗೆ ಸೇರಿಸುವಾಗ ಪ್ರತಿಜನಕಕ್ಕೂ ಆಲ್ಕೋಹಾಲು ತಗಲುತ್ತದೆ; ಅದು ಎಷ್ಟೋ ಪ್ರತಿಜನಕಗಳ ಆಕಾರ ಕೆಡಿಸುತ್ತದೆ. ಆಗ ಹುಟ್ಟುವ ಪ್ರತಿಕಾಯ, ಅಂದರೆ ರೋಗಾಣುವನ್ನು ಹಿಡಿಯಲು ಮೈ ತಯಾರಿಸುವ ಪ್ರೋಟೀನು, ನಿಜವಾದ ರೋಗಾಣುವನ್ನು ಗುರುತಿಸದೇ ಹೋಗಬಹುದು.

ಬಿಡಿ ಪ್ರೋಟೀನು ಮೈಯಲ್ಲಿ ಬೇಗ ಚದುರಿಹೋಗುತ್ತದೆ. ಕಣಕ್ಕೆ ಅಂಟಿದ್ದನ್ನು ಪ್ರತಿರಕ್ಷಣಾ ಕೋಶಗಳು ಸುಲಭವಾಗಿ ನುಂಗುತ್ತವೆ. ತೊಡಕೂ ಇದೆ: ಇಲಿಗಳಿಗೆ ಝೀನ್ ಕಣಗಳನ್ನು ಚುಚ್ಚಿದಾಗ ಝೀನ್ ವಿರುದ್ಧವೇ ಪ್ರತಿಕಾಯ ಹುಟ್ಟಿದ್ದುಂಟು. ಮೂಟೆ ಹೊತ್ತವನನ್ನೇ ಕಳ್ಳನೆಂದು ಹಿಡಿದ ಹಾಗೆ!

ನಮ್ಮಲ್ಲಿ ಹಾಕುವ ಹಂದಿಜ್ವರದ ಲಸಿಕೆಯಾದರೋ ದುರ್ಬಲಗೊಳಿಸಿದ ಜೀವಂತ ವೈರಾಣುವಿನದು. (ಆಫ್ರಿಕನ್ ಹಂದಿಜ್ವರ ಬೇರೆಯೇ ರೋಗ; ಅದಕ್ಕೆ ಇದು ನಾಟದು.) ಈ ಲಸಿಕೆಯನ್ನು ತಂಪಿನಲ್ಲೇ ಇಡಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಕೊಡಗಿನಲ್ಲಿ ಮನೆಯ ಫ್ರಿಜ್ಜನ್ನು ನಂಬಬೇಡಿ. ಪಶು ಆಸ್ಪತ್ರೆಯಿಂದ ಐಸ್ ಡಬ್ಬಿಯಲ್ಲಿ ತರಿಸಿ, ತಂದ ದಿನವೇ ಹಾಕಿಸಿಬಿಡಿ.