ಕೈತುಂಬ ಕೆಲಸ ಇದ್ದರೂ ಕೈಯಲ್ಲಿ ಕಾಸಿಲ್ಲ: ಕಲಾವಿದರಿಗೆ ಬಿಸಿನೆಸ್ ಪ್ಲಾನ್ ಯಾಕೆ ಬೇಕು?

ಪ್ರಶ್ನೆ: ನಾನು ಗಂಗಾವತಿಯವಳು, 29 ವರ್ಷ. ಚಿತ್ರಕಲೆ ಓದಿ, ಅದರಲ್ಲೇ ಜೀವನ ಮಾಡುತ್ತಿದ್ದೇನೆ. ಮದುವೆ ಜೋಡಿಗಳ ಭಾವಚಿತ್ರಕ್ಕೆ 2,500 ರೂಪಾಯಿ ತೆಗೆದುಕೊಳ್ಳುತ್ತೇನೆ. ಬಣ್ಣ, ಫ್ರೇಮಿಗೆ 600 ಹೋಗುತ್ತದೆ. ಆನೆಗುಂದಿ, ಸಾಣಾಪುರ ಕಡೆಯ ಹೋಂಸ್ಟೇಗಳಿಗೆ ಗೋಡೆ ಚಿತ್ರ ಬರೆಯುತ್ತೇನೆ, ಚದರ ಅಡಿಗೆ 150. ತಿಂಗಳಿಗೊಂದು ಭಾನುವಾರ ಹತ್ತು ಮಕ್ಕಳಿಗೆ ಕಾರ್ಯಾಗಾರ, ತಲಾ 400. ಕೆಲಸಕ್ಕೆ ಕೊರತೆ ಇಲ್ಲ, ಆದರೆ ತಿಂಗಳ ಕೊನೆಗೆ ಕೈ ಖಾಲಿ. 50,000 ಸಾಲ ಕೇಳಲು ಹೋದರೆ ಬ್ಯಾಂಕಿನಲ್ಲಿ ಪ್ರಾಜೆಕ್ಟ್ ರಿಪೋರ್ಟ್ ತನ್ನಿ ಎಂದರು. 3,000 ಕೊಟ್ಟರೆ ಒಂದೇ ದಿನದಲ್ಲಿ ರೆಡಿ ಮಾಡಿಕೊಡುವವರಿದ್ದಾರೆ. ಮಾಡಿಸಲಾ? ನಿಜ ಹೇಳಬೇಕೆಂದರೆ, ಕಲಾವಿದರಿಗೆ ಇದೆಲ್ಲ ಯಾಕೆ ಅಂತಲೇ ನನಗೆ ಅರ್ಥವಾಗಿಲ್ಲ.

ಉತ್ತರ: ಮಾಡಿಸಬೇಡಿ. ಬ್ಯಾಂಕಿನವರು ಕೇಳುವ ಪ್ರಾಜೆಕ್ಟ್ ರಿಪೋರ್ಟ್ ಅಂದರೆ ನಿಮ್ಮ ಬಿಸಿನೆಸ್ ಪ್ಲಾನೇ: ಏನು ಕೆಲಸ, ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂಬ ಲೆಕ್ಕ. ನೀವೇ ಕೂತು ಬರೆಯಿರಿ. ಎರಡು ಪುಟ ಸಾಕು, ಕನ್ನಡದಲ್ಲೇ ಬರೆಯಿರಿ. ಬ್ಯಾಂಕಿಗೆ ಬೇಕಾದ ನಮೂನೆಯಲ್ಲಿ ಅದನ್ನು ತುಂಬಲು ಆಮೇಲೆ ಯಾರ ಸಹಾಯ ಬೇಕಾದರೂ ತೆಗೆದುಕೊಳ್ಳಬಹುದು. ಆದರೆ ಅದರೊಳಗಿನ ಅಂಕಿ ನಿಮ್ಮದೇ ಆಗಿರಬೇಕು. ದುಡ್ಡು ಕೊಟ್ಟು ತಂದ ರಿಪೋರ್ಟಿನಲ್ಲಿ ತಿಂಗಳಿಗೆ ಹನ್ನೆರಡು ಆರ್ಡರ್ ಅಂತ ಬರೆದಿರುತ್ತಾರೆ. ಅವು ಎಲ್ಲಿಂದ ಬರುತ್ತವೆ ಎಂದು ಮ್ಯಾನೇಜರ್ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಅದೇ ಅಂಕಿ ನಂಬಿ ಸಾಲ ಕೊಟ್ಟುಬಿಟ್ಟರೆ ಇನ್ನೂ ಕಷ್ಟ. ಕಂತು ಕಟ್ಟಬೇಕಾದವರು ನೀವು ತಾನೇ?

ನಮ್ಮ ಭಾಗದ ಕಲಾವಿದರು ರೇಟು ಹೇಳುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ. ಎದುರಿಗಿರುವವರ ಮುಖ ನೋಡಿ ಹೇಳುತ್ತಾರೆ. ಪರಿಚಯದವರಾದರೆ ಇಳಿಸುತ್ತಾರೆ. ‘ಇಷ್ಟೊಂದಾ?’ ಅಂದರೆ ಮತ್ತೆ ಇಳಿಸುತ್ತಾರೆ. ತಮ್ಮ ಒಂದು ಗಂಟೆ ದುಡಿಮೆಗೆ ಕನಿಷ್ಠ ಎಷ್ಟು ಬರಬೇಕು ಅನ್ನುವುದು ತಮಗೇ ಗೊತ್ತಿಲ್ಲದಿದ್ದರೆ ಹಾಗೆಯೇ ಆಗುತ್ತದೆ. ಆ ಒಂದು ಅಂಕಿ ಕೈಗೆ ಸಿಗಬೇಕು, ಪ್ಲಾನ್ ಬರೆಯುವುದು ಮೊದಲು ಅದಕ್ಕೆ.

ನಿಮ್ಮದನ್ನೇ ಹಾಕಿ ನೋಡೋಣ. ಪತ್ರದಲ್ಲಿ ಮನೆ ಖರ್ಚು ಬರೆದಿಲ್ಲ, ನಾನು ಅಂದಾಜು ಹಿಡಿಯುತ್ತೇನೆ. ತಿಂಗಳಿಗೆ ಮನೆಗೆ 20,000. ಕೆಲಸದ ಕೋಣೆಯ ಬಾಡಿಗೆ 3,500. ಫೋನು, ಕರೆಂಟು 1,000. ಸವೆಯುವ ಬ್ರಷ್, ಏಣಿ ಇಂಥವಕ್ಕೆ 1,500. ಆಪತ್ತಿಗೆ ಅಂತ 1,000. ಒಟ್ಟು 27,000, ವರ್ಷಕ್ಕೆ 3,24,000.

ಇನ್ನು ದುಡಿಯುವ ದಿನ. ಇಲ್ಲೇ ಎಲ್ಲರೂ ತಪ್ಪುವುದು. ತಿಂಗಳಿಗೆ 25 ದಿನ ದುಡಿಯುತ್ತೇನೆ ಎಂದು ನಿಮಗೆ ಅನ್ನಿಸಬಹುದು. ಆದರೆ ಗೋಡೆ ಅಳೆಯಲು ಹೋಗಿ ಬರುವುದು, ವಾಟ್ಸಾಪ್‌ನಲ್ಲಿ ಹತ್ತು ಸಲ ಮಾತು, ಫೋಟೊ ತೆಗೆದು ಹಾಕುವುದು, ಪ್ಯಾಕಿಂಗ್, ಬಾಕಿ ಹಣಕ್ಕೆ ಅಲೆದಾಟ, ಇವುಗಳಿಗೆ ಯಾರೂ ಕಾಸು ಕೊಡುವುದಿಲ್ಲ. ಇವನ್ನೆಲ್ಲ ಕಳೆದರೆ, ಕಾಸು ಹುಟ್ಟುವ ದಿನಗಳು ತಿಂಗಳಿಗೆ ಹತ್ತು ಉಳಿದರೆ ಜಾಸ್ತಿ. ವರ್ಷಕ್ಕೆ 120 ದಿನ, ದಿನಕ್ಕೆ ಆರು ಗಂಟೆ, ಒಟ್ಟು 720 ಗಂಟೆ. 3,24,000ವನ್ನು ಇದರಿಂದ ಭಾಗಿಸಿದರೆ ಗಂಟೆಗೆ 450 ರೂಪಾಯಿ.

ಈಗ ಒಂದೊಂದೇ ಕೆಲಸವನ್ನು ಈ 450ರ ಪಕ್ಕ ಇಡಿ. ಜೋಡಿ ಭಾವಚಿತ್ರಕ್ಕೆ ಸ್ಕೆಚ್ಚು, ಬಣ್ಣ, ‘ಸೀರೆ ಅಂಚು ಸ್ವಲ್ಪ ಬದಲಿಸಿ’ ಎಂಬ ತಿದ್ದುಪಡಿ ಎಲ್ಲ ಸೇರಿ 14 ಗಂಟೆ ಎಂದುಕೊಳ್ಳಿ. ಸಾಮಾನಿನ ಖರ್ಚು ಕಳೆದು ಉಳಿಯುವ 1,900ನ್ನು ಹಂಚಿದರೆ ಗಂಟೆಗೆ ಬರೀ 135. ನೂರು ಚದರ ಅಡಿ ಗೋಡೆಗೆ 15,000 ಬರುತ್ತದೆ. ಬಣ್ಣಕ್ಕೆ 2,500, ಪೆಟ್ರೋಲಿಗೆ 700 ಹೋಗಿ, ನಾಲ್ಕು ದಿನದ 24 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 490. ಮಕ್ಕಳ ಕಾರ್ಯಾಗಾರದ 4,000ದಲ್ಲಿ ಕಾಗದ, ಬಣ್ಣಕ್ಕೆ 800 ತೆಗೆಯಿರಿ. ತಯಾರಿಯೂ ಸೇರಿ ಆರು ಗಂಟೆ ಹಿಡಿದರೆ ಗಂಟೆಗೆ 530.

ಎಲ್ಲಕ್ಕಿಂತ ಕಡಿಮೆ ಹುಟ್ಟುವುದು ಭಾವಚಿತ್ರದಲ್ಲಿ. ಬಹುಶಃ ನಿಮ್ಮ ಸಮಯ ಜಾಸ್ತಿ ಹೋಗುವುದೂ ಅದಕ್ಕೇ. ಕೈ ಖಾಲಿಯಾಗುವುದು ಇಲ್ಲಿಂದ. ಇದೇ ಅಳತೆಯ ಚಿತ್ರಕ್ಕೆ ನಿಜವಾದ ಬೆಲೆ 6,900 ಆಗುತ್ತದೆ. ಗಂಗಾವತಿಯಲ್ಲಿ ಅಷ್ಟು ಕೊಡುವವರು ಕಡಿಮೆ, ಒಪ್ಪುತ್ತೇನೆ. ಹಾಗಂತ ಬಿಟ್ಟುಬಿಡಬೇಕಿಲ್ಲ. ಐದು ಗಂಟೆಯಲ್ಲಿ ಮುಗಿಯುವ ಚಿಕ್ಕ ಅಳತೆಯ ಚಿತ್ರ, ತಿದ್ದುಪಡಿ ಎರಡೇ ಸಲ, ಸಾಮಾನು 350ರೊಳಗೆ. ಆಗ 2,600ಕ್ಕೆ ಕೊಟ್ಟರೂ ನಷ್ಟವಿಲ್ಲ. ದೊಡ್ಡದು ಬೇಕೆಂದವರಿಗೆ 6,900 ಎಂದು ಧೈರ್ಯವಾಗಿ ಹೇಳಿ. ಕಾರ್ಯಾಗಾರವನ್ನು ತಿಂಗಳಿಗೆ ಎರಡು ಮಾಡಿ.

ಕಾಣದ ಕೆಲಸ ಎಷ್ಟಿರುತ್ತದೆ ಎಂದು ತಿಳಿಯಬೇಕಾದರೆ ಒಮ್ಮೆ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳಕ್ಕೆ ಹೋಗಿ ನೋಡಿ. ಹಗುರ ಮರ ಕೆತ್ತಬೇಕು. ಬಿಡಿ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಬೇಕು. ಮರದ ಹೊಟ್ಟು ಸೇರಿಸಿ ಮಾಡಿದ ‘ಕಿಟ್ಟ’ ಎಂಬ ಮುದ್ದೆ ಮೆತ್ತಿ ಒಣಗಿಸಬೇಕು. ಬಿಳಿ ಬಣ್ಣ ಬಳಿದು ಮತ್ತೆ ಒಣಗಿಸಬೇಕು. ಇಷ್ಟಾದ ಮೇಲೆ ಬಣ್ಣದ ಕೆಲಸ. ಕೊಳ್ಳುವವರಿಗೆ ಕಾಣುವುದು ಆ ಕೊನೆಯ ಬಣ್ಣ ಮಾತ್ರ. ಮೊದಲಿನ ಕೆಲಸವನ್ನೆಲ್ಲ ಬೆಲೆಯಲ್ಲಿ ಸೇರಿಸದಿದ್ದರೆ ಅಷ್ಟೂ ಪುಕ್ಕಟೆ ದುಡಿಮೆ ಆಗಿಹೋಗುತ್ತದೆ.

ಗಂಟೆಯ ಈ ಲೆಕ್ಕ ಪ್ಲಾನಿನ ಮೊದಲ ಪುಟ. ಎರಡನೇ ಪುಟದಲ್ಲಿ ಹನ್ನೆರಡು ತಿಂಗಳು ಬರೆದು, ಪ್ರತಿ ತಿಂಗಳ ಮುಂದೆ ಬರುವುದು, ಹೋಗುವುದು ಹಾಕಿ. ಆನೆಗುಂದಿ ಕಡೆ ಪ್ರವಾಸಿಗರು ಜಾಸ್ತಿ ಬರುವುದು ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ. ಹೋಂಸ್ಟೇಯವರು ಗೋಡೆ ಮಾಡಿಸುವುದು ಅದಕ್ಕೂ ಮುಂಚೆ. ಅಂದರೆ ನೀವು ಅವರನ್ನು ಮಾತಾಡಿಸಬೇಕಾದ್ದು ಜುಲೈ, ಆಗಸ್ಟ್‌ನಲ್ಲಿ. ಆಷಾಢದಲ್ಲಿ ಮದುವೆ ಇಲ್ಲ, ಭಾವಚಿತ್ರದ ಆರ್ಡರೂ ಇಲ್ಲ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊರಗಿನ ಗೋಡೆಗೆ ಅಕ್ರಿಲಿಕ್ ಹಚ್ಚಿದ ಕೂಡಲೇ ಒಣಗುತ್ತದೆ, ಒಂದು ಬಣ್ಣ ಇನ್ನೊಂದಕ್ಕೆ ಬೆರೆಯುವುದೇ ಇಲ್ಲ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಕೆಲಸ, ಹಾಗಾಗಿ ನಾಲ್ಕು ದಿನದ ಗೋಡೆ ಆರು ದಿನ ಹಿಡಿಯುತ್ತದೆ. ಆದರೆ ಅದೇ ಎರಡು ತಿಂಗಳು ಮಕ್ಕಳಿಗೆ ರಜೆ! ಕಾರ್ಯಾಗಾರ ಹೆಚ್ಚಿಸಲು ಅದಕ್ಕಿಂತ ಒಳ್ಳೆ ಸಮಯ ಇಲ್ಲ. ಹೀಗೆ ಬರೆದಿಟ್ಟರೆ ಕೈ ಬಿಗಿಯಾಗುವ ತಿಂಗಳು ಯಾವುದು ಅಂತ ಮೊದಲೇ ಗೊತ್ತಾಗುತ್ತದೆ. ಗೋಡೆ ಕೆಲಸಕ್ಕೆ ಅರ್ಧ ಹಣ ಮುಂಗಡ ಎಂಬ ನಿಯಮವನ್ನೂ ಇದೇ ಪುಟದಲ್ಲಿ ಬರೆಯಿರಿ.

ಈಗ ಸಾಲ. ಸಣ್ಣ ಉದ್ಯಮದವರಿಗೆ ಸಾಲ ಕೊಡಿಸುವ ಕೇಂದ್ರದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000ದವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. ಶೇಕಡಾ 11–12 ಬಡ್ಡಿ ಹಿಡಿದರೆ ಮೂರು ವರ್ಷಕ್ಕೆ ತಿಂಗಳ ಕಂತು 1,650ರ ಆಸುಪಾಸು. ನಿಮ್ಮ ಲೆಕ್ಕದಲ್ಲಿ ಅದು ತಿಂಗಳಿಗೆ ನಾಲ್ಕು ಗಂಟೆ ಹೆಚ್ಚಿನ ದುಡಿಮೆ. ಮಡಚುವ ಅಟ್ಟಣಿಗೆ ತಂದು ದೊಡ್ಡ ಗೋಡೆ ಹಿಡಿಯಲು ಸಾಲವಾದರೆ ಖಂಡಿತ ತೆಗೆದುಕೊಳ್ಳಿ. ಭಾವಚಿತ್ರದ ನಷ್ಟ ತುಂಬಲು ಆದರೆ ಬೇಡ. ಪಿಎಂ ವಿಶ್ವಕರ್ಮದ ಬಗ್ಗೆಯೂ ಯಾರಾದರೂ ಹೇಳಿರಬಹುದು. 2023ರಲ್ಲಿ ಶುರುವಾದ ಆ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ, ಆಟಿಕೆ ಮಾಡುವವರು, ಶಿಲ್ಪಿಗಳು ಇದ್ದಾರೆ. ಮೊದಲ ಹಂತದಲ್ಲಿ 1 ಲಕ್ಷದವರೆಗೆ ಶೇಕಡಾ 5ರ ಬಡ್ಡಿಗೆ ಸಾಲ ಇದೆ. ಕಿನ್ನಾಳದ ಗೊಂಬೆ ಮಾಡುವವರಿಗೆ ಅನುಕೂಲ, ಆದರೆ ಚಿತ್ರಕಾರರು ಆ ಪಟ್ಟಿಯಲ್ಲಿಲ್ಲ. ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಅದು ಆನ್‌ಲೈನ್‌ನಲ್ಲಿ ಉಚಿತ, ಅದಕ್ಕೆ ಯಾರಿಗೂ ಶುಲ್ಕ ಕೊಡಬೇಡಿ.

ಪ್ರಶ್ನೆ: ಬಳ್ಳಾರಿಯಲ್ಲಿ ಇಲಸ್ಟ್ರೇಟರ್ ಆಗಿದ್ದೇನೆ. ಒಂದು ಜೀನ್ಸ್ ಯೂನಿಟ್‌ನವರು ನನ್ನ ಚಿತ್ರವನ್ನು ಜಾಕೆಟ್ ಮೇಲೆ ಪ್ರಿಂಟ್ ಮಾಡುತ್ತಾರಂತೆ. 5,000 ಕೊಡುತ್ತೇವೆ, ಫೈಲ್ ಕಳಿಸಿ ಎನ್ನುತ್ತಿದ್ದಾರೆ. ಕೊಡಲಾ?

ಉತ್ತರ: ಸುಮ್ನೆ ಫೈಲ್ ಕಳಿಸಬೇಡಿ. ನೀವು ಮಾರುತ್ತಿರುವುದು ಚಿತ್ರವಾ, ಅದನ್ನು ಬಳಸುವ ಹಕ್ಕಾ, ಮೊದಲು ಅದನ್ನು ಗಟ್ಟಿ ಮಾಡಿಕೊಳ್ಳಿ. ಬಿಸಿನೆಸ್ ಪ್ಲಾನಿನಲ್ಲಿ ಇವೆರಡೂ ಬೇರೆ ಬೇರೆ ಸಾಲು.

1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿ ಇರಬೇಕು, ಸಹಿ ಆಗಿರಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಇಡೀ ಭಾರತ ಎಂದೂ ಆಗುತ್ತದೆ. ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ನೀವಾಗಿಯೇ ಬರೆದ ಚಿತ್ರದ ಹಕ್ಕು ನಿಮ್ಮದು. ಆದರೆ ಒಬ್ಬರು ದುಡ್ಡು ಕೊಟ್ಟು, ಹೇಳಿ ಬರೆಸಿದ ಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಹೋಗುತ್ತದೆ. ಗಂಗಾವತಿಯ ಓದುಗರೂ ಇದನ್ನು ಗಮನಿಸಿ. ‘ಹಕ್ಕು ಕಲಾವಿದರದ್ದೇ’ ಎಂಬ ಒಂದು ಸಾಲನ್ನು ಆರ್ಡರ್ ಚೀಟಿಯಲ್ಲಿ ಸೇರಿಸಿ ಎರಡೂ ಕಡೆಯ ಸಹಿ ಹಾಕಿಸಿಕೊಳ್ಳಿ.

ಬಟ್ಟೆಯ ವಿಷಯಕ್ಕೆ ಬಂದರೆ 2000ದ ವಿನ್ಯಾಸ ಕಾಯ್ದೆಯೂ ಎದುರಾಗುತ್ತದೆ. ಅದರಡಿ ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ಮಾಡಿದರೆ ಕೃತಿಸ್ವಾಮ್ಯದ ರಕ್ಷಣೆ ತಪ್ಪುತ್ತದೆ. ನಿಮ್ಮ ಚಿತ್ರ ಅದರಲ್ಲಿ ಬರುತ್ತದೋ ಇಲ್ಲವೋ ಎಂಬುದನ್ನು ವಕೀಲರಿಗೆ ತೋರಿಸಿಯೇ ಮುಂದುವರಿಯಿರಿ. ಆ ಶುಲ್ಕ ದಂಡ ಅಂದುಕೊಳ್ಳಬೇಡಿ. ಹಣವನ್ನು ಜಾಕೆಟ್‌ಗೆ ಇಷ್ಟು ಎಂದು ಕೇಳಿ. ಒಂದಕ್ಕೆ 10 ರೂಪಾಯಿಯಂತೆ 2,000 ಜಾಕೆಟ್‌ಗೆ 20,000 ಆಗುತ್ತದೆ. 5,000 ಮುಂಗಡವಾಗಿ ಬರಲಿ.

ಪ್ರಶ್ನೆ: ರಾಯಚೂರು ಜಿಲ್ಲೆಯ ಏಳು ಜನರ ತಂಡ ನಮ್ಮದು. ತತ್ವಪದ, ಜಾನಪದ ಹಾಡುತ್ತೇವೆ. ಕಾರ್ಯಕ್ರಮದ ಹಣ ಮೂರ್ನಾಲ್ಕು ತಿಂಗಳಿಗೆ ಬರುತ್ತದೆ. ನಮ್ಮಂಥವರಿಗೂ ಪ್ಲಾನ್ ಬೇಕಾ?

ಉತ್ತರ: ನಿಮಗೇ ಹೆಚ್ಚು ಬೇಕು. ಗಾಡಿಗೆ 4,000, ಊಟಕ್ಕೆ 1,500, ತಲಾ 500ರಂತೆ ದಾರಿ ಖರ್ಚು 3,500 ಎಂದುಕೊಂಡರೆ ಒಂದು ಕಾರ್ಯಕ್ರಮಕ್ಕೆ 9,000 ಆ ದಿನವೇ ಕೈಯಿಂದ ಹೋಗುತ್ತದೆ. ಮೂರರ ಬಿಲ್ ಬಾಕಿ ಇದ್ದರೆ 27,000 ಸಿಕ್ಕಿಕೊಂಡಂತೆ. ತಂಡದ ಹೆಸರಿನಲ್ಲಿ ಖಾತೆ ತೆರೆದು, ಬಂದ ಹಣದಲ್ಲಿ ಒಂದು ಪಾಲು ತೆಗೆದಿಡುತ್ತಾ ಅಷ್ಟು ಮೊತ್ತ ಕೂಡಿಸಿ. ಅದು ಕೂಡುವವರೆಗೆ ಗಾಡಿ ಖರ್ಚು ಮುಂಗಡ ಕೊಡುವವರ ಕಾರ್ಯಕ್ರಮವನ್ನೇ ಮೊದಲು ಒಪ್ಪಿಕೊಳ್ಳಿ. ಜಿಎಸ್‌ಟಿ ಚಿಂತೆ ಸದ್ಯಕ್ಕೆ ಬೇಡ. ಸೇವೆಗೆ ವರ್ಷಕ್ಕೆ 20 ಲಕ್ಷದವರೆಗೆ ನೋಂದಣಿ ಬೇಕಿಲ್ಲ. ಬಿಲ್ ಮಾತ್ರ ಕಾರ್ಯಕ್ರಮದ ಮರುದಿನವೇ ಕೊಡಿ, ನಕಲಿನ ಮೇಲೆ ತೆಗೆದುಕೊಂಡವರ ಸಹಿ, ತಾರೀಖು ಹಾಕಿಸಿಕೊಳ್ಳಿ.